ಹಿಂಗಾಲು ಮೊದಲು

ನಾನು ಮೈಸೂರಿನಲ್ಲಿ ಓದುತ್ತಿರುವುದು ಏನು ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಒಮ್ಮತವಿರಲಿಲ್ಲ. ಅಮ್ಮನ ಮಟ್ಟಿಗೆ ಅದು ಕಂಪ್ಯೂಟರ್ ಕೋರ್ಸು. ಅಜ್ಜಿಯ ಪ್ರಕಾರ ರಂಗೋಲಿ ಕ್ಲಾಸು, ಅದಕ್ಕೆ ಅಷ್ಟು ದೂರ ರೈಲಿನಲ್ಲಿ ಯಾಕೆ ಹೋಗಬೇಕು ಎಂಬುದೊಂದೇ ಅವಳ ತಕರಾರು. ಊರವರು ಕೇಳಿದರೆ ಅಪ್ಪ, "ಬೊಂಬೆ ಆಡ್ಸದು ಕಲೀತಾವ್ಳೆ" ಎಂದು ಹೇಳಿ, ಮುಂದಿನ ಪ್ರಶ್ನೆ ಬರುವುದರೊಳಗೆ ಹಾಲಿನ ಕ್ಯಾನು ಎತ್ತಿಕೊಂಡು ಹೊರಟುಬಿಡುತ್ತಿದ್ದ. ಮೂವರಲ್ಲಿ ಸತ್ಯಕ್ಕೆ ಹತ್ತಿರವಿದ್ದವನು ಅವನೇ. ನಾನು ಓದುತ್ತಿದ್ದದ್ದು ಅನಿಮೇಷನ್.

ಕವಲಂದೆಗೆ ಹತ್ತಿರದ ಹಳ್ಳಿ ನಮ್ಮದು. ಒಂದಿಷ್ಟು ಹೊಲ, ಎರಡು ಸೀಮೆಹಸು, ಒಂದು ಕರು. ಇದರಲ್ಲಿ ಯಾರ ಹೆಸರನ್ನೂ ಬರೆಯಬಾರದು ಎಂದು ತೀರ್ಮಾನಿಸಿದ್ದೇನೆ. ಹಸುವಿನದನ್ನೂ ಬರೆಯುವುದಿಲ್ಲ. ಅದಕ್ಕೂ ಮಾನ ಮರ್ಯಾದೆ ಇದೆ.

ಕೊನೆಯ ಸೆಮಿಸ್ಟರ್ ಬರುವ ಹೊತ್ತಿಗೆ ಪೋರ್ಟ್‌ಫೋಲಿಯೋ ಎಂಬ ಭೂತ ಹೆಗಲೇರಿತು. ನಮ್ಮ ಕಸುಬಿನಲ್ಲಿ ಅಂಕಪಟ್ಟಿಯನ್ನು ಯಾರೂ ಮೂಸಿಯೂ ನೋಡುವುದಿಲ್ಲ. ನಾವೇ ಮಾಡಿದ ತುಣುಕುಗಳನ್ನೆಲ್ಲ ಜೋಡಿಸಿ ಒಂದೂವರೆ ನಿಮಿಷ ಮೀರದ ವಿಡಿಯೋ ಮಾಡಿ ಕಳಿಸಬೇಕು. ಅದನ್ನು ನೋಡಿ ಅವರು ಕರೆದರೆ ಕರೆದರು, ಇಲ್ಲದಿದ್ದರೆ ಇಲ್ಲ. ಮೈಸೂರಿನ ಒಂದು ಸಣ್ಣ ಸ್ಟುಡಿಯೋದವರು ಆ ವರ್ಷ ಒಬ್ಬರೇ ಒಬ್ಬರು ಟ್ರೈನಿಯನ್ನು ತೆಗೆದುಕೊಳ್ಳುವುದಾಗಿ ತಿಳಿಸಿದ್ದರು. ಆ ಜಾಗ ನನಗೆ ಬೇಕೇ ಬೇಕಿತ್ತು. ಅದು ತಪ್ಪಿದರೆ ನಂಜನಗೂಡಿನ ಜೆರಾಕ್ಸ್ ಅಂಗಡಿಯೊಂದರಲ್ಲಿ ಅಮ್ಮ ಆಗಲೇ ನನಗೊಂದು ಕುರ್ಚಿ ಮಾತಾಡಿಟ್ಟಿದ್ದಳು. ಆಧಾರ್ ಕಾರ್ಡು ಲ್ಯಾಮಿನೇಷನ್ ಮಾಡುವುದು, ಗೃಹಪ್ರವೇಶದ ಕರೆಯೋಲೆ ಟೈಪ್ ಮಾಡುವುದು. "ಅದೂ ಕಂಪ್ಯೂಟ್ರೇ ತಾನೆ?" ಎನ್ನುತ್ತಿದ್ದಳು.

ನನ್ನ ಬಳಿ ಆಗ ಇದ್ದದ್ದು ಪುಟಿಯುವ ಒಂದು ಚೆಂಡು, ನಡೆಯುವ ಒಂದು ರೋಬೋ, ಬೆಂಕಿ ಉಗುಳುವ ಒಂದು ಡ್ರ್ಯಾಗನ್. ಹೆಮ್ಮೆಯಿಂದ ಕಾಲೇಜಿನಲ್ಲಿ ನಮ್ಮ ಸರ್‌ಗೆ ತೋರಿಸಿದೆ. ಅವರು ಗಲ್ಲಕ್ಕೆ ಕೈಕೊಟ್ಟು ನೋಡಿದರು.

"ಈ ಚೆಂಡು ನಿಮ್ಮ ಕ್ಲಾಸಲ್ಲಿ ಎಲ್ಲರ ಹತ್ರಾನೂ ಇದೆಯಲ್ಲಮ್ಮ. ಒಂದೇ ಚೆಂಡನ್ನ ಸರದಿ ಮೇಲೆ ಆಡ್ತಿದ್ದೀರಾ?" ಎಂದರು. ಆಮೇಲೆ, "ನೀನು ಡ್ರ್ಯಾಗನ್ ನೋಡಿದ್ದೀಯಾ?"

"ಇಲ್ಲ ಸರ್."

"ಮತ್ತೆ ದಿನಾ ಏನು ನೋಡ್ತೀಯಾ?"

ನಾನು ಪ್ರಾಮಾಣಿಕವಾಗಿ ಯೋಚಿಸಿದೆ. "ಹಸು ಸರ್."

ಹಿಂದಿನ ಬೆಂಚು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸರ್ ನಗಲಿಲ್ಲ. "ಹಸು ಮಾಡು. ಮಲಗಿರೋ ಹಸು ಎದ್ದು ನಿಲ್ಲಲಿ, ಅಷ್ಟೇ ಸಾಕು. ಆದರೆ ಭಾರ ಕಾಣ್ಬೇಕು" ಎಂದರು.

ಈ ಭಾರ ಎನ್ನುವುದು ನಮ್ಮಲ್ಲಿ ದೊಡ್ಡ ಮಾತು. ತೆರೆಯ ಮೇಲೆ ಇರುವುದು ಬರೀ ಗೆರೆ ಮತ್ತು ಬಣ್ಣ, ಅದಕ್ಕೆ ಗುಲಗಂಜಿಯಷ್ಟೂ ತೂಕವಿಲ್ಲ. ಆದರೂ ನೋಡುವವರಿಗೆ ನಾಲ್ಕು ಕ್ವಿಂಟಲ್ ಹಸು ಕಷ್ಟಪಟ್ಟು ಏಳುತ್ತಿದೆ ಅನ್ನಿಸಬೇಕು. ಇಲ್ಲದಿದ್ದರೆ ಅದು ಗಾಳಿಗೆ ಎದ್ದ ಪ್ಲಾಸ್ಟಿಕ್ ಕವರಿನ ಹಾಗೆ ಕಾಣುತ್ತದೆ.

ಹಸು ತಾನೆ, ನನಗೆ ಯಾರು ಹೇಳಿಕೊಡಬೇಕು ಎಂದುಕೊಂಡೆ. ಹುಟ್ಟಿದಾಗಿನಿಂದ ಒಂದೇ ಸೂರಿನ ಕೆಳಗೆ ಇದ್ದೇವೆ. ಕೊಟ್ಟಿಗೆಗೆ ಹೋಗಿ ನೋಡುವ ಅಗತ್ಯವೇ ಕಾಣಲಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಹಸು ಏಳುವ ವಿಡಿಯೋಗಳೆಲ್ಲ ಮಸುಕಾಗಿದ್ದವು, ಕುದುರೆ ಏಳುವುದು ಮಾತ್ರ ಪಕ್ಕದಿಂದ ಕನ್ನಡಿಯಷ್ಟು ಸ್ಪಷ್ಟವಾಗಿ ಸಿಕ್ಕಿತು. ನಾಲ್ಕು ಕಾಲು, ಒಂದು ಬಾಲ. ಕೊಂಬು ನಾನೇ ಬರೆದು ಸೇರಿಸಿದರಾಯಿತು ಎಂದು ಹತ್ತು ದಿನ ಕೂತು, ಕಣ್ಣು ಕೆಂಪು ಮಾಡಿಕೊಂಡು, ಒಂದು ಹಸುವನ್ನು ಎಬ್ಬಿಸಿದೆ.

ಭಾನುವಾರ ಅಪ್ಪ ಹಾಲು ಹಾಕಿ ಬಂದು ಜಗಲಿಯ ಮೇಲೆ ಕೂತಿದ್ದ. ಲ್ಯಾಪ್‌ಟಾಪು ಅವನ ಮುಂದಿಟ್ಟೆ. ಹೊಗಳಿಕೆಗೆ ತಯಾರಾಗಿ ನಿಂತಿದ್ದೆ. ಅಪ್ಪ ಒಂದು ಸಲ ನೋಡಿದ, ಎರಡು ಸಲ ನೋಡಿದ, ಮುಖ ಚಿಕ್ಕದು ಮಾಡಿಕೊಂಡ.

"ಇದ್ಕೇನಾಗದೆ?" ಎಂದ.

"ಏನಾಗಿದೆ ಅಂದ್ರೆ?"

"ಕಾಯ್ಲೆನಾ? ಮುಂದ್ಗಾಲು ಊರಿ ಏಳ್ತಾ ಅದಲ್ಲ, ಪಾಪ. ಡಾಕ್ಟ್ರಿಗೆ ಪೋನ್ ಮಾಡಿದ್ರಾ?"

"ಅದು ಚಿತ್ರ ಕಣಪ್ಪ!"

"ಚಿತ್ರ ಆದ್ರೇನು, ಅಸ ಅಸನೇ ಅಲ್ವಾ? ಅಸ ಮೊದ್ಲು ಇಂದ್ಗಾಲು ಎತ್ತದು ಕಣಮ್ಮಿ. ಮುಂದ್ಗಾಲಲ್ಲಿ ಏಳದು ಕುದ್ರೆ."

ಒಳಗಿನಿಂದ ಅಜ್ಜಿಯ ದನಿ ಬಂತು. "ಇಪ್ಪತ್ತೊಂದು ವರ್ಸ ಆಲು ಕುಡ್ದವ್ಳೆ, ಅಸ ಎಂಗೆ ಏಳ್ತದೆ ಅಂತ ಗೊತ್ತಿಲ್ವಲ್ಲ ಇವ್ಳ್ಗೆ!"

ಕೊಟ್ಟಿಗೆಗೆ ಓಡಿದೆ. ನಮ್ಮ ಎರಡು ಹಸುಗಳಲ್ಲಿ ದೊಡ್ಡದು ಮಲಗಿತ್ತು. ನಾನು ಚಪ್ಪಾಳೆ ತಟ್ಟಿದೆ, ಹಚಾ ಎಂದೆ. ಅದು ಬೇಜಾರಿನಿಂದ ನನ್ನ ಕಡೆ ನೋಡಿ, ತಲೆ ಮುಂದಕ್ಕೆ ತಳ್ಳಿ, ಹಿಂಭಾಗವನ್ನು ಮೊದಲು ಎತ್ತಿತು. ಅಪ್ಪನ ಮಾತು ನೂರಕ್ಕೆ ನೂರು ನಿಜ. ಹತ್ತು ದಿನದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಇಷ್ಟು ವರ್ಷ ಕಣ್ಣು ಬಿಟ್ಟುಕೊಂಡು ಏನು ನೋಡುತ್ತಿದ್ದೆ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಸಿಟ್ಟನ್ನು ಹಸುವಿನ ಮೇಲೆ ತೀರಿಸಿಕೊಳ್ಳಲು ಹೋದೆ, ಅದು ಬಾಲದಲ್ಲಿ ಕೆನ್ನೆಗೆ ಒಂದು ಬಿಟ್ಟಿತು.

ಇನ್ನು ಅದು ಏಳುವುದನ್ನು ವಿಡಿಯೋ ಹಿಡಿಯಬೇಕಲ್ಲ. ಸ್ಟ್ಯಾಂಡ್ ಇರಲಿಲ್ಲ. ಒಣಹುಲ್ಲಿನ ಕಂತೆಗಳನ್ನು ಒಂದರ ಮೇಲೊಂದು ಪೇರಿಸಿ ಮೇಲೆ ಮೊಬೈಲು ಸಿಕ್ಕಿಸಿದೆ. ಮೊದಲ ದಿನ ಹಸು ಮಲಗಲೇ ಇಲ್ಲ, ಇಡೀ ಮಧ್ಯಾಹ್ನ ಕ್ಯಾಮೆರಾ ನೋಡುತ್ತಾ ನಿಂತಿತ್ತು. ಎರಡನೆಯ ದಿನ ಗೋಡೆಗೆ ಮುಖ ಮಾಡಿ ಮಲಗಿತು, ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಎದ್ದು ಏನೂ ಆಗದವರ ಹಾಗೆ ಮೆಲುಕು ಹಾಕುತ್ತಿತ್ತು. ಮೂರನೆಯ ದಿನ ನನ್ನ ಸ್ಟ್ಯಾಂಡನ್ನೇ ತಿಂದುಹಾಕಿತು. ಮೊಬೈಲು ಗೋದಲಿಗೆ ಬಿದ್ದಿತ್ತು. ಅದರೊಳಗೆ ಒಂದು ದೊಡ್ಡ ನಾಲಿಗೆ, ಆಮೇಲೆ ಕತ್ತಲೆ, ಆ ಕತ್ತಲೆಯಲ್ಲಿ ಮುಕ್ಕಾಲು ಗಂಟೆ ಹುಲ್ಲು ಅಗಿಯುವ ಸದ್ದು ರೆಕಾರ್ಡ್ ಆಗಿತ್ತು.

ಮೊಬೈಲಿನ ಜೊಲ್ಲು ಒರೆಸುತ್ತಾ ಅಂಗಳದಲ್ಲಿ ಕೂತು ಅತ್ತೆ. ಹೌದು, ಅತ್ತೆ. ಕಳಿಸುವುದಕ್ಕೆ ಎರಡೇ ವಾರ ಉಳಿದಿತ್ತು. ಜೆರಾಕ್ಸ್ ಅಂಗಡಿಯ ಕುರ್ಚಿ ಕಣ್ಣಮುಂದೆ ಬಂದು ಗರಗರ ತಿರುಗುತ್ತಿತ್ತು. ಅಪ್ಪ ಹತ್ತಿರ ಬಂದ. ತಲೆ ಕೆರೆದುಕೊಂಡ.

"ಅಳ್ಬೇಡ ಬುಡು. ನಾನೇ ಎದ್ದು ತೋರುಸ್ತೀನಿ, ಇಡ್ಕೊ ಆ ಮೊಬೈಲ್ನ" ಎಂದ. "ಆದ್ರೆ ಒಂದ್ಮಾತು. ಇದ್ನ ಯಾರ್ಗೂ ತೋರ್ಸ್‌ಬಾರ್ದು. ನೀನು ನೋಡ್ಕಂಡು ಬರ್ಕಳದು, ಅಷ್ಟೆಯ."

"ಯಾರಿಗೂ ತೋರ್ಸಲ್ಲ. ಅಮ್ಮನಾಣೆ."

ಅಮ್ಮ ಅಲ್ಲೇ ನಿಂತಿದ್ದಳು. ಕೇಳದೆ ತನ್ನ ಮೇಲೆ ಆಣೆ ಹಾಕಿದ್ದು ಅವಳಿಗೆ ಹಿಡಿಸಲಿಲ್ಲ.

ಅಪ್ಪ ಅಂಗಳದಲ್ಲಿ ಗೋಣಿಚೀಲ ಹಾಸಿ, ಪಂಚೆ ಎತ್ತಿ ಕಟ್ಟಿ, ಕೈಕಾಲು ಮಡಚಿ ಮಲಗಿದ. ದವಡೆ ಅತ್ತಿತ್ತ ಆಡಿಸತೊಡಗಿದ.

"ಮೆಲುಕು ಹಾಕೋದು ಬೇಡ ಅಪ್ಪ."

"ಸುಮ್ಕಿರು, ಅದಿಲ್ದೆ ಎಂಗ್ ಬತ್ತದೆ?"

ಆಮೇಲೆ ಅವನು ಎದ್ದ. ಮೊಣಕೈಗಳ ಮೇಲೆ ಭಾರ ತಂದ. ಕತ್ತನ್ನು ಮುಂದಕ್ಕೆ ಚಾಚಿದ. ಮೂಗಿನಿಂದ ಒಂದು ಉಸಿರು ಬಿಟ್ಟ. ಹಿಂಭಾಗ ನಿಧಾನವಾಗಿ ಮೇಲೆದ್ದಿತು. ಅಲ್ಲೇ ಒಂದು ಗಳಿಗೆ, ಏಳುವುದೋ ಬಿಡುವುದೋ ಎಂದು ಯೋಚಿಸುವವನ ಹಾಗೆ ತಡೆದು, ಒಂದು ಅಂಗೈ ಊರಿದ, ಆಮೇಲೆ ಇನ್ನೊಂದು. ನಗು ತಡೆದುಕೊಂಡು ಮೊಬೈಲು ಹಿಡಿದಿದ್ದ ನನಗೆ ನಗುವುದೇ ಮರೆತುಹೋಯಿತು. ಮೂವತ್ತು ವರ್ಷದಿಂದ ದಿನಕ್ಕೆ ಎರಡು ಸಲ ಹಸುವಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತವನ ಮೈಯಲ್ಲೇ ಹಸು ಇತ್ತು.

"ಸರ್ಯಾಗ್ ಬರ್ನಿಲ್ಲ, ಇನ್ನೊಂದ್ಸಲ" ಎಂದು ಅವನೇ ಮತ್ತೆ ಮಲಗಿದ. ಈ ಸಲ ಹಿಂಭಾಗ ಮೇಲೆದ್ದು ನಿಂತಿರುವ ಗಳಿಗೆಯಲ್ಲೇ ಪಕ್ಕದ ಮನೆಯವನು ಗೇಟು ತೆಗೆದುಕೊಂಡು ಒಳಗೆ ಬಂದ. ಅಪ್ಪನ ಜೊತೆ ದಿನಾ ಡೈರಿಗೆ ಹಾಲು ಹಾಕುವವನು.

"ಏನಣ್ಣೋ, ಸ್ವಂಟ ಇಡ್ಕತಾ?" ಎಂದು ಗಾಬರಿಯಾಗಿ ಎತ್ತಲು ಬಂದ.

"ಇಲ್ಲ ಕಣ್ಲಾ, ಬೀಪಿ ಮಾತ್ರೆ ಬಿದ್ದೋಯ್ತು" ಎಂದ ಅಪ್ಪ, ಅದೇ ಭಂಗಿಯಲ್ಲಿ. ಅಪ್ಪನಿಗೆ ಬೀಪಿಯೇ ಇಲ್ಲ.

ಪಕ್ಕದ ಮನೆಯವನು ಒಳ್ಳೆಯ ಮನುಷ್ಯ. ತಾನೂ ಲುಂಗಿ ಎತ್ತಿ ಕಟ್ಟಿ ನೆಲಕ್ಕೆ ಇಳಿದ. ಇಬ್ಬರೂ ನಾಲ್ಕು ಕಾಲಿನಲ್ಲಿ ಇಲ್ಲದ ಮಾತ್ರೆಯನ್ನು ಹತ್ತು ನಿಮಿಷ ಹುಡುಕಿದರು. ಕೊನೆಗೆ ಅಮ್ಮ ಅಡುಗೆಮನೆಯಿಂದ ಯಾವುದೋ ಹಳೆಯ ನೆಗಡಿ ಮಾತ್ರೆ ತಂದು ಸದ್ದಿಲ್ಲದೆ ಕಲ್ಲಿನ ಪಕ್ಕ ಹಾಕಿದಳು. ಸಿಕ್ಕಿದ ಸಂತೋಷದಲ್ಲಿ ಪಕ್ಕದ ಮನೆಯವನು ಅದನ್ನು ಅಪ್ಪನ ಬಾಯಿಗೇ ಹಾಕಿ, ನೀರು ಕುಡಿಸಿ ಹೋದ.

ಅವನು ಹೋದ ಮೇಲೆ ಅಪ್ಪ ಮೂರನೆಯ ಸಲ ಎದ್ದ. ಆಗ ಮಂಡಿ ಕಟ್ ಎಂದಿತು. ಎರಡು ದಿನ ಅಮ್ಮ ಎಣ್ಣೆ ಕಾಯಿಸಿ ಹಚ್ಚುತ್ತಾ, "ಬೊಂಬೆ ಆಡ್ಸದು ಕಲ್ತಳು, ಈಗ ಅಪ್ಪುನ್ನೇ ಆಡುಸ್ತಾವ್ಳೆ" ಎಂದು ಗೊಣಗಿದಳು.

ಅಪ್ಪನನ್ನು ನೋಡಿಕೊಂಡು ಹೊಸ ಹಸು ಮಾಡಿದೆ. ಹನ್ನೆರಡು ದಿನದಲ್ಲಿ ಮುಗಿಯಿತು. ಚೆಂಡು, ರೋಬೋ, ಡ್ರ್ಯಾಗನ್ ಮೂರನ್ನೂ ಕೈಬಿಟ್ಟೆ. ಅದನ್ನು ನೋಡಿ ಅಪ್ಪ, "ಈಗ ಡಾಕ್ಟ್ರು ಬ್ಯಾಡ" ಎಂದ. ನನ್ನ ಪಾಲಿಗೆ ಅದು ಚಿನ್ನದ ಪದಕ.

ಆದರೆ ನನ್ನ ಲ್ಯಾಪ್‌ಟಾಪಿಗೆ ಆ ಚಿತ್ರಗಳನ್ನೆಲ್ಲ ಸೇರಿಸಿ ಒಂದು ಪೂರ್ತಿ ವಿಡಿಯೋ ಮಾಡಿ ಹೊರಗೆ ಕಕ್ಕುವ ಶಕ್ತಿ ಇರಲಿಲ್ಲ. ಅರ್ಧಕ್ಕೆ ಬಂದು ಬಿಸಿಯಾಗಿ ಆರಿಹೋಗುತ್ತಿತ್ತು. ನಮ್ಮ ನೆಂಟರಲ್ಲೆಲ್ಲ ಗಟ್ಟಿ ಕಂಪ್ಯೂಟರ್ ಇದ್ದದ್ದು ಒಬ್ಬನ ಬಳಿ, ಟಿ. ನರಸೀಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ನನ್ನ ಸೋದರಮಾವ. ಸುತ್ತಮುತ್ತ ಮುಡುಕುತೊರೆವರೆಗೂ ಮದುವೆ ವಿಡಿಯೋ ಎಂದರೆ ಅವನೇ. ಕೊನೆಯ ದಿನಕ್ಕೆ ಒಂದು ದಿನ ಮೊದಲು ನಂಜನಗೂಡಿಗೆ ಬಂದು ಬಸ್ಸು ಬದಲಿಸಿ ಅವನ ಅಂಗಡಿಗೆ ಹೋದೆ. ಪೆನ್‌ಡ್ರೈವ್ ಕೊಟ್ಟೆ. ಅದರಲ್ಲಿ ಹಸುವೂ ಇತ್ತು, ಅಪ್ಪನೂ ಇದ್ದ. ಬೇರೆ ಮಾಡಿ ತರಬೇಕು ಎಂಬ ಬುದ್ಧಿ ನನಗೆ ಬರಲಿಲ್ಲ.

"ಇದು ಆಗೋವಾಗ ನಾಳೆ ಬೆಳಗ್ಗೆ ಆಗ್ತದೆ. ನೀನು ಐದು ಗಂಟೆ ಬಸ್ಸಿಗೆ ಹೊರಡು ಪುಟ್ಟಿ, ನಾನೇ ಕಳಿಸ್ತೀನಿ. ಎಷ್ಟು ಮದುವೆ ಕಳಿಸಿಲ್ಲ ನಾನು!" ಎಂದ ಮಾವ. ಕಳಿಸಬೇಕಾದ ವಿಳಾಸ ಬರೆದುಕೊಟ್ಟು ಬಂದೆ.

ಮಾರನೆಯ ದಿನ ಮಧ್ಯಾಹ್ನ ಅವನ ಮೆಸೇಜು ಬಂತು. ಕಳಿಸಿದ್ದೇನೆ, ಸೂಪರಾಗಿ ಬಂದಿದೆ, ಒಂಚೂರು ಟಚ್ ಕೊಟ್ಟಿದ್ದೇನೆ. ಜೊತೆಗೆ ವಿಡಿಯೋ.

ತೆರೆದೆ. ನಾದಸ್ವರ ಶುರುವಾಯಿತು. ಬಂಗಾರದ ಅಕ್ಷರದಲ್ಲಿ ನನ್ನ ಹೆಸರು ಗಿರ್ರನೆ ತಿರುಗುತ್ತಾ ಬಂದು ನಿಂತಿತು, ಅದರ ಎರಡು ಬದಿಗೆ ದೀಪದ ಕಂಬ. ಆಮೇಲೆ ಹಸು ಎದ್ದಿತು, ಎರಡು ನವಿಲುಗಳ ನಡುವೆ. ಆಮೇಲೆ ಒಂದು ಹೃದಯ ತೆರೆದುಕೊಂಡಿತು. ಅದರೊಳಗೆ ಅಪ್ಪ. ಗೋಣಿಚೀಲದ ಮೇಲೆ, ಸ್ಲೋ ಮೋಷನ್ನಿನಲ್ಲಿ, ಮೆಲುಕು ಹಾಕುತ್ತಾ, ಹಿಂಭಾಗ ಎತ್ತುತ್ತಿದ್ದಾನೆ. ಮೇಲಿನಿಂದ ಗುಲಾಬಿ ಪಕಳೆಗಳು ಉದುರುತ್ತಿವೆ. ಕೊನೆಯಲ್ಲಿ, ಬಂಧುಮಿತ್ರರ ಆಗಮನಕ್ಕೆ ಹೃತ್ಪೂರ್ವಕ ಕೃತಜ್ಞತೆಗಳು.

ಮಾವನಿಗೆ ಫೋನು ಮಾಡಿ ಕಿರುಚಿದೆ. ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

"ಅಲ್ಲ ಪುಟ್ಟಿ, ಮನೆಯವರು ಒಬ್ರೂ ಇಲ್ದೆ ಬರೀ ಒಂದು ಹಸ ಎದ್ದು ನಿಂತ್ಕೊಂಡ್ರೆ ಯಾರು ನೋಡ್ತಾರೆ? ಹೆಣ್ಣಿನ ಅಪ್ಪನ್ನ ಬಿಟ್ಟು ನಾನು ಇದುವರೆಗೆ ಒಂದು ವಿಡಿಯೋ ಮಾಡಿಲ್ಲ. ಬಿಟ್ರೆ ಜಗಳ ಆಗ್ತದೆ, ನಿಂಗೊತ್ತಿಲ್ಲ. ಭಾವನವ್ರು ಇರೋ ತುಣುಕುಗಳಲ್ಲಿ ಮೊದಲು ಸಿಕ್ಕಿದ್ದನ್ನ ಹಾಕ್ದೆ. ನೋಡು ಎಷ್ಟು ಕಳೆಯಾಗಿ ಬಂದವ್ರೆ!"

ಮದುವೆ ವಿಡಿಯೋದವರ ಧರ್ಮ ಅದು. ಎರಡೂ ಕಡೆಯ ಹಿರಿಯರ ಮುಖ ತಪ್ಪಬಾರದು. ಅವನು ಧರ್ಮ ಬಿಟ್ಟಿರಲಿಲ್ಲ, ನಾನು ಬಿಟ್ಟಿದ್ದೆ. ಸ್ಟುಡಿಯೋದವರು ಒಬ್ಬರಿಂದ ಒಂದೇ ಸಲ ತೆಗೆದುಕೊಳ್ಳುತ್ತಿದ್ದರು, ಬದಲಿಸುವಂತಿರಲಿಲ್ಲ. ಕೆಲಸವೂ ಹೋಯಿತು, ಅಪ್ಪನಿಗೆ ಕೊಟ್ಟ ಮಾತೂ ಹೋಯಿತು. ಮನೆಯಲ್ಲಿ ಬಾಯಿ ಬಿಡಲಿಲ್ಲ. ಬೇರೆ ಯಾರಿಗೂ ತೋರಿಸಬೇಡ ಎಂದು ಮಾವನ ಕಾಲು ಹಿಡಿದುಕೊಂಡೆ. ಒಂದು ವಾರ ಅಪ್ಪ ಕಣ್ಣಿಗೆ ಬಿದ್ದಾಗಲೆಲ್ಲ ಪಕಳೆಗಳ ಸಮೇತ ಕಾಣುತ್ತಿದ್ದ.

ಎಂಟನೆಯ ದಿನ ರೈಲು ತಾಂಡವಪುರ ಬಿಡುತ್ತಿದ್ದಾಗ ಫೋನು ಬಂತು. ಸ್ಟುಡಿಯೋದವರು. ನಾಳೆ ಬನ್ನಿ, ಮಾತಾಡಬೇಕು. ಬೈಯಲು ಕರೆಯುತ್ತಿದ್ದಾರೆ ಎಂದೇ ನಾನು ಹೋದದ್ದು.

ಒಂದು ಕೋಣೆ. ಕನ್ನಡಕ ಹಾಕಿದ ಮೇಡಂ ಒಬ್ಬರು ಅಲ್ಲಿನ ಮುಖ್ಯಸ್ಥೆ, ಪಕ್ಕದಲ್ಲಿ ಇಬ್ಬರು ಹುಡುಗರು. ಗೋಡೆಯಷ್ಟು ದೊಡ್ಡ ತೆರೆಯ ಮೇಲೆ ನನ್ನ ವಿಡಿಯೋ ಹಾಕಿದರು, ನಾದಸ್ವರದ ಸಮೇತ. ನವಿಲು ಬಂದಾಗ ಹುಡುಗರು ಕೆಮ್ಮುವ ಹಾಗೆ ಮಾಡಿದರು. ಹೃದಯ ತೆರೆದಾಗ ತಡೆಯಲಾರದೆ ನಕ್ಕುಬಿಟ್ಟರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಈ ಹೂವೆಲ್ಲ ಯಾರು ಮಾಡಿದ್ದು?" ಎಂದರು ಮೇಡಂ.

"ನಮ್ಮ ಮಾವ."

"ಇವರು ಯಾರು?"

ತೆರೆಯ ಮೇಲೆ ಅಪ್ಪ ಹಿಂಭಾಗ ಎತ್ತಿ ನಿಂತಿದ್ದ. ಯಾರೋ ಪಕ್ಕದ ಮನೆಯವರು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಪ್ಪನ ಮಾನ ಉಳಿಸುವುದಕ್ಕೇ ಹಾಗೆ ಹೇಳಬೇಕೆನ್ನಿಸುತ್ತಿದೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ. ಉಳಿಸಬೇಕೆನ್ನಿಸಿದ್ದು ನನ್ನದನ್ನು.

"ನಮ್ಮಪ್ಪ" ಎಂದೆ. "ಹಸು ಹೇಗೆ ಏಳುತ್ತೆ ಅಂತ ತೋರಿಸ್ತಿದ್ದಾರೆ. ನಾನು ತಪ್ಪು ಮಾಡಿದ್ದೆ."

ನಗು ನಿಂತಿತು. ಮೇಡಂ ನಾದಸ್ವರ ಆರಿಸಿದರು. ಅಪ್ಪನನ್ನು ಹಿಂದಕ್ಕೆ ಓಡಿಸಿ, ಒಂದೊಂದೇ ಚಿತ್ರವಾಗಿ ಮುಂದಕ್ಕೆ ತಂದರು. "ಕತ್ತು ನೋಡ್ರೋ. ಏಳೋ ಮುಂಚೆ ಕತ್ತು ಹೋಗುತ್ತೆ. ಇಲ್ಲಿ ತಡೀತಾರೆ, ನೋಡಿ" ಎಂದು ಹುಡುಗರಿಗೆ ತೋರಿಸಿದರು. ಆಮೇಲೆ ನನ್ನ ಹಸುವನ್ನೂ ಹಾಗೆಯೇ ನೋಡಿದರು. ಬಹಳ ಹೊತ್ತು ನೋಡಿದರು.

"ನಿಮ್ಮ ಹಸು ಚೆನ್ನಾಗಿದೆ. ಆದರೆ ನಿಮ್ಮ ತಂದೆಯವರು ಅದಕ್ಕಿಂತ ಚೆನ್ನಾಗಿ ಎದ್ದಿದ್ದಾರೆ. ಎಷ್ಟು ಸಲ ಮಾಡಿಸಿದ್ರಿ?"

"ಮೂರು ಸಲ ಮೇಡಂ. ನನಗೆ ಒಂದೇ ಸಲ ಸಾಕಾಗಿತ್ತು. ಸರಿ ಬರಲಿಲ್ಲ ಅಂತ ಅವರೇ ಮತ್ತೆ ಮತ್ತೆ ಮಾಡಿದರು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಬಂದಿರೋ ಅಷ್ಟೂ ಜನರಲ್ಲಿ ಎದುರಿಗೆ ಇರೋದನ್ನ ನೋಡಿ ಮಾಡಿರೋರು ನೀವೊಬ್ರೇ. ಸೋಮವಾರದಿಂದ ಬನ್ನಿ. ಹೂವು ಉದುರಿಸೋದು ಮಾತ್ರ ಇಲ್ಲಿ ಬೇಡ" ಎಂದರು.

ಮನೆಗೆ ಬರುವಷ್ಟರಲ್ಲಿ ಸಾಯಂಕಾಲದ ಹಾಲು ಕರೆಯುವ ಹೊತ್ತು. ಫೋನಿನಲ್ಲೇ ಸುದ್ದಿ ಕೇಳಿದ್ದ ಅಮ್ಮ ಬಾಯಿಗೆ ಸಕ್ಕರೆ ಹಾಕಿದಳು. ರಂಗೋಲಿ ಹಾಕುವುದಕ್ಕೂ ಸಂಬಳ ಕೊಡುತ್ತಾರಲ್ಲ ಎಂದು ಅಜ್ಜಿ ಆಶ್ಚರ್ಯಪಟ್ಟಳು. ಮಾತು ತಪ್ಪಿದ್ದನ್ನು ಅಪ್ಪನಿಗೆ ಹೇಳುವುದು ಬಾಕಿಯಿತ್ತು. ಕೊಟ್ಟಿಗೆಗೆ ಹೋದೆ. ಅಪ್ಪ ಹಸುವಿನ ಪಕ್ಕ ಕೂತು ಹಾಲು ಕರೆಯುತ್ತಿದ್ದ.

"ಕೆಲ್ಸ ಆಯ್ತಂತಲ್ಲವ್ವ" ಎಂದ, ತಿರುಗದೆಯೇ. ದನಿಯಲ್ಲಿ ಸಂತೋಷವಿತ್ತು.

"ಅಪ್ಪ, ನೀನು ಹಸು ಥರ ಎದ್ದಿದ್ದು, ಆ ವಿಡಿಯೋನ ಅವರು ನೋಡಿಬಿಟ್ರು. ಮಾವ ಗೊತ್ತಿಲ್ದೆ ಸೇರಿಸಿ ಕಳಿಸಿಬಿಟ್ಟಿದ್ದ. ನಾನು ನಿಂಗೆ ಮಾತು ಕೊಟ್ಟಿದ್ದೆ. ತಪ್ಪಾಯ್ತು."

ಹಾಲು ಕರೆಯುವ ಕೈ ನಿಂತಿತು. ಹಸುವೂ ತಿರುಗಿ ನೋಡಿತು. ಬೈದರೆ ಬೈಯಲಿ ಎಂದುಕೊಂಡು ನಿಂತೆ.

"ಯಾರ್ಯಾರು ನೋಡುದ್ರು?"

"ಮೂರು ಜನ. ದೊಡ್ಡ ಪರದೆ ಮೇಲೆ."

"ಯಾವ್ದ ಆಕಿದ್ದ? ಮೊದುಲ್ನೇದಾ?"

"ಹೂಂ. ಮೊದಲನೇದು."

"ಥೂ, ನಿಮ್ ಮಾವುಂಗೆ ಬುದ್ಧಿ ಇಲ್ಲ" ಎಂದ ಅಪ್ಪ. ಅವನಿಗೆ ನಿಜವಾಗಿಯೂ ಬೇಜಾರಾಗಿತ್ತು. "ಅದ್ರಲ್ಲಿ ಎಡಗೈ ಬಿರ್ರನೆ ಊರ್ಬುಟ್ಟಿವ್ನಿ ಕಣಮ್ಮಿ. ಮೂರ್ನೇದ ಆಕ್ಬೇಕಾಗಿತ್ತು. ಮಂಡಿ ಕಟ್ ಅಂದ್ರೂ ಅಸ ಏಳದು ಅಂಗೆಯ."